ಕಲ್ಲಿನ ಕೋಟೆಯೊಳಗಿನ ಮಣ್ಣಿನ ಮನೆ

(ಚಿತ್ರದುರ್ಗದ ದೊಡ್ಡಪೇಟೆಯ ಹಳೆಯ ಮಾಳಿಗೆ ಮನೆಯೊಂದರ ಪಡಸಾಲೆಯಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಮರುಕಳಿಸಿದ್ದನ್ನು ಕೈಬಿಟ್ಟು, ಅಲ್ಲಿ ಅವಸರದಲ್ಲಿ ದಾಟಿದ ಒಂದೆರಡು ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ದುರ್ಗದವರಾದ ನಮಗೆಲ್ಲ ಒಂದು ಅನುಭವವಾಗಿರುತ್ತದೆ. ಊರಿಗೆ ಬಂದ ನೆಂಟರನ್ನು ಕೋಟೆಗೆ ಕರೆದುಕೊಂಡು ಹೋಗುತ್ತೇವೆ. ಬಾಗಿಲ ಮೇಲೆ ಬಾಗಿಲು ದಾಟಿ, ಮದ್ದು ಬೀಸುವ ಕಲ್ಲುಗಳನ್ನು ನೋಡಿ, ಏಕನಾಥೇಶ್ವರಿಗೂ ಹಿಡಿಂಬೇಶ್ವರನಿಗೂ ಕೈಮುಗಿದು, ಏದುಸಿರು ಬಿಡುತ್ತ ಮೇಲುದುರ್ಗಕ್ಕೆ ಬಂದಮೇಲೆ ಅವರು ಕೇಳುವ ಮೊದಲ ಪ್ರಶ್ನೆ, 'ಅರಮನೆ ಎಲ್ಲಿದೆ?' ಎಂದು. ನಾವು ಕೈ ತೋರಿಸುವ ಕಡೆ ಕೆಂಪು ಮಣ್ಣಿನ ಕೆಲವು ಮೊಂಡು ಗೋಡೆಗಳೂ, ನೆಲದ ಮಟ್ಟದಲ್ಲಿ ಕೋಣೆಗಳ ಆಕಾರ ತೋರುವ ತಳಪಾಯದ ಕಲ್ಲುಸಾಲುಗಳೂ ಇರುತ್ತವೆ. ನೆಂಟರ ಮುಖ ಸಣ್ಣದಾಗುತ್ತದೆ. ಮೈಸೂರಿನ ಅರಮನೆಯನ್ನು ಕಣ್ಣಲ್ಲಿ ತುಂಬಿಕೊಂಡು ಬಂದವರಿಗೆ, ಏಳು ಸುತ್ತಿನ ಕೋಟೆಯನ್ನು ಆಳಿದ ನಾಯಕರು ಮಣ್ಣಿನ ಮನೆಯಲ್ಲಿದ್ದರು ಎಂಬುದನ್ನು ನಂಬಲು ಕಷ್ಟ. ನಾವೂ ಸ್ವಲ್ಪ ನಾಚಿಕೊಂಡವರಂತೆ, 'ಹೈದರನ ಕಾಲದಲ್ಲಿ ಎಲ್ಲ ಹಾಳಾಯಿತು' ಎಂದು ಹೇಳಿ ಅವರನ್ನು ಅಕ್ಕ-ತಂಗಿ ಹೊಂಡದ ಕಡೆ ಕರೆದೊಯ್ಯುತ್ತೇವೆ.

ಆ ಗೋಡೆಗಳ ಮುಂದೆ ಇನ್ನು ಸ್ವಲ್ಪ ಹೊತ್ತು ನಿಲ್ಲಬೇಕು ಎಂದು ಕೇಳಿಕೊಳ್ಳಲು ನಾನು ಇಂದು ಬಂದಿದ್ದೇನೆ. ಅಲ್ಲಿರುವುದು ಅರಮನೆಯ ಕಸವಲ್ಲ, ಅರಮನೆಯೇ. ಅದನ್ನು ಓದುವುದಕ್ಕೆ ಬೇಕಾದ ನಿಘಂಟು ನಾವು ಈಗ ಕುಳಿತಿರುವ ಇಂಥ ಮನೆಯಲ್ಲಿದೆ.

ಮೊದಲು ಗೋಡೆಯನ್ನೇ ನೋಡೋಣ. ಟಂಕಸಾಲೆ ಎಂದು ನಾವು ಕರೆಯುವ ಕಟ್ಟಡದ ಗೋಡೆಗಳು ಉಳಿದವುಗಳಿಗಿಂತ ಎತ್ತರವಾಗಿ ನಿಂತಿರುವುದರಿಂದ ಅಲ್ಲಿಂದ ಆರಂಭಿಸುವುದು ಸುಲಭ. ಬೆಳಗಿನ ಎಳೆ ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿನಲ್ಲಿ ಹೋದರೆ, ಮಣ್ಣಿನ ಮೈಮೇಲೆ ಅಡ್ಡಡ್ಡ ಗೆರೆಗಳು ಕಾಣುತ್ತವೆ. ಕಲಸಿ, ತುಳಿದು, ಹದಕ್ಕೆ ತಂದ ಮಣ್ಣಿನ ಮುದ್ದೆಗಳನ್ನು ಒಂದು ವರಸೆ ಒಟ್ಟುವುದು, ಅದು ಆರಿ ಗಟ್ಟಿಯಾಗುವವರೆಗೆ ಕಾಯುವುದು, ಆಮೇಲೆ ಅದರ ಮೇಲೆ ಇನ್ನೊಂದು ವರಸೆ ಏರಿಸುವುದು, ಹೀಗೆ ಗೋಡೆ ಮೇಲೆದ್ದ ಲೆಕ್ಕ ಆ ಗೆರೆಗಳಲ್ಲಿದೆ. ಹಸಿ ವರಸೆಯ ಮೇಲೆ ಅವಸರಪಟ್ಟು ಇನ್ನೊಂದನ್ನು ಹೇರಿದರೆ ಕೆಳಗಿನದು ಹೊಟ್ಟೆ ಬಿಡುತ್ತದೆ. ಆದ್ದರಿಂದ ಮಣ್ಣಿನ ಗೋಡೆ ಕಟ್ಟುವವನಿಗೆ ಕೈಚಳಕಕ್ಕಿಂತ ತಾಳ್ಮೆ ದೊಡ್ಡದು. ತಲೆ ಎತ್ತಿ ನೋಡಿದರೆ ಒಂದೇ ಎತ್ತರದಲ್ಲಿ ಸಾಲಾಗಿ ತೂತುಗಳಿವೆ. ಅವು ಗುಂಡಿನೇಟಿನ ಗುರುತುಗಳೆಂದು ಒಮ್ಮೆ ಒಬ್ಬರು ತಮ್ಮ ಮಕ್ಕಳಿಗೆ ವಿವರಿಸುತ್ತಿದ್ದುದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅವು ಮರದ ತುದಿಗಳು ಕೂತಿದ್ದ ಜಾಗ. ಮರ ಹೋಗಿದೆ, ಅದರ ಅಚ್ಚು ಉಳಿದಿದೆ.

ಇಲ್ಲಿ ಸಹಜವಾಗಿ ಏಳುವ ಪ್ರಶ್ನೆ, ಕಲ್ಲಿಗೆ ಬರವಿಲ್ಲದ ಈ ಬೆಟ್ಟದಲ್ಲಿ ಮಣ್ಣೇಕೆ ಎಂಬುದು. ಹತ್ತೊಂಬತ್ತು ಅಗಸೆ ಬಾಗಿಲು, ಮೂವತ್ತೆಂಟು ದಿಡ್ಡಿ ಬಾಗಿಲು ಎಂದು ಊರವರು ಎಣಿಕೆ ಹೇಳುವ ಇಷ್ಟು ದೊಡ್ಡ ಕೋಟೆಯ ಕಲ್ಲು ಈ ಬಂಡೆಗಳಿಂದಲೇ ಬಂದದ್ದು. ಉಳಿಯಿಂದ ಗುಳಿಗಳನ್ನು ಸಾಲಾಗಿ ಹೊಡೆದು, ಏಕೋ ಅರ್ಧಕ್ಕೇ ಕೈಬಿಟ್ಟ ಬಂಡೆಗಳನ್ನು ಈಗಲೂ ದಾರಿಯಲ್ಲಿ ನೋಡಬಹುದು. ಕಲ್ಲು ಒಡೆಯಬಲ್ಲ ಕೈಗಳೂ ಇದ್ದವು, ಅವುಗಳಿಗೆ ಕೂಲಿ ಕೊಡಬಲ್ಲ ದೊರೆಗಳೂ ಇದ್ದರು. ಹಾಗಿದ್ದೂ ದೇವರಿಗೆ ಕಲ್ಲು, ಕಾಳಗಕ್ಕೆ ಕಲ್ಲು, ಬಾಳುವುದಕ್ಕೆ ಮಣ್ಣು ಎಂಬ ಹಂಚಿಕೆಯನ್ನು ಅವರು ಮಾಡಿಕೊಂಡರು. ಇದು ದುರ್ಗದವರೇ ಹೊಸದಾಗಿ ಕಂಡುಕೊಂಡದ್ದಲ್ಲ. ನಾಯಕರು ಯಾರ ಅಧೀನದಲ್ಲಿ ತಲೆಯೆತ್ತಿದರೋ ಆ ವಿಜಯನಗರದ ರಾಜಧಾನಿಯಲ್ಲೂ ಅರಮನೆಗಳ ಕಲ್ಲಿನ ಜಗತಿಗಳು ಮಾತ್ರ ಉಳಿದಿವೆ. ಅವುಗಳ ಮೇಲಿದ್ದ ಮರದ ಕಟ್ಟಡ ಇಲ್ಲವಾಗಿದೆ. ಹಂಪಿಯನ್ನು ನೋಡಿ ಬಂದವರು 'ಇಷ್ಟು ದೊಡ್ಡ ಗುಡಿಗಳಿವೆ, ಅರಸರ ಮನೆ ಮಾತ್ರ ಬರೀ ಕಟ್ಟೆ' ಎನ್ನುವುದುಂಟು. ನಮ್ಮ ನೆಂಟರ ದೂರೂ ಇದೇ.

ರೂಢಿ ಒಂದು ಕಾರಣವಾದರೆ, ಹವೆ ಇನ್ನೊಂದು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲುದುರ್ಗದ ಬಂಡೆಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಬಂಡೆ ರಾತ್ರಿಯಿಡೀ ಅದನ್ನು ಕಾರುತ್ತಿರುತ್ತದೆ. ಅಂಥ ನೆಲದಲ್ಲಿ ಕಲ್ಲಿನ ಕೋಣೆಯೊಳಗೆ ಮಲಗುವುದೆಂದರೆ ಒಲೆಯೊಳಗೆ ಮಲಗಿದಂತೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಹೊರಗಿನ ಬಿಸಿ ಒಳಗೆ ಬರಲು ಹಲವು ಗಂಟೆ ಹಿಡಿಯುತ್ತದೆ. ಅದು ಒಳಗೆ ತಲುಪುವ ವೇಳೆಗೆ ಹೊರಗೆ ಸಂಜೆಯ ಗಾಳಿ ಬೀಸತೊಡಗಿರುತ್ತದೆ. ಮೂರನೆಯ ಕಾರಣ ಮಳೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಒಳ್ಳೆಯ ವರ್ಷ. ಮಲೆನಾಡಿನಲ್ಲಿ ಮಟ್ಟಸವಾದ ಮಣ್ಣಿನ ಮಾಳಿಗೆ ಒಂದು ಮಳೆಗಾಲವನ್ನೂ ಕಳೆಯಲಾರದು, ಅಲ್ಲಿ ಇಳಿಜಾರಿನ ಸೂರು ಬೇಕು. ಬಯಲುಸೀಮೆಯಲ್ಲಿ ಮಳೆ ಕಡಿಮೆಯಾದ್ದರಿಂದಲೇ ಮಾಳಿಗೆ ಸಾಧ್ಯವಾಯಿತು.

ಈಗ ಈ ಪಡಸಾಲೆಯಲ್ಲಿ ಕುಳಿತವರೆಲ್ಲ ಒಮ್ಮೆ ತಲೆ ಎತ್ತಿ ನೋಡಿ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಹಾಸಿದ ಜಂತೆ. ಟಂಕಸಾಲೆಯ ಗೋಡೆಯಲ್ಲಿ ಖಾಲಿಯಾಗಿ ಕಾಣುವ ತೂತುಗಳಿಗೆ ಇಲ್ಲಿ ಮರ ಸೇರಿಕೊಂಡಿದೆ, ಅಷ್ಟೇ ವ್ಯತ್ಯಾಸ. ಎರಡು ಕಂಬಗಳ ನಡುವಿನ ಜಾಗವನ್ನು ನಾವು ಅಂಕಣ ಎನ್ನುತ್ತೇವೆ. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ನನ್ನ ತಾತ ಚದರಡಿಯಲ್ಲಿ ಉತ್ತರ ಕೊಟ್ಟವರೇ ಅಲ್ಲ, 'ಏಳಂಕಣದ ಮನೆ' ಎನ್ನುತ್ತಿದ್ದರು. ಅಂಕಣದ ಅಗಲವನ್ನು ನಿರ್ಧರಿಸುತ್ತಿದ್ದುದು ಸಿಗುವ ಮರದ ಉದ್ದ. ಕಮರ, ಮತ್ತಿ, ಹೊನ್ನೆ, ಬೇವು ಇವು ಎಷ್ಟು ಉದ್ದ ಬಗ್ಗದೆ ಭಾರ ಹೊರುತ್ತವೆಯೋ ಅಷ್ಟೇ ಅಗಲ. ಈ ಲೆಕ್ಕ ದೊರೆಗೂ ಒಂದೇ, ರೈತನಿಗೂ ಒಂದೇ. ದೊರೆಯ ಮನೆಯಲ್ಲಿ ಅಂಕಣಗಳ ಸಂಖ್ಯೆ ಹೆಚ್ಚಿದ್ದಿತು, ಕೆತ್ತನೆ ಹೆಚ್ಚಿದ್ದಿತು, ಗಾರೆಯ ನುಣುಪು ಹೆಚ್ಚಿದ್ದಿರಬೇಕು. ಆದರೆ ಮನೆ ಕಟ್ಟುವ ವ್ಯಾಕರಣ ಬೇರೆಯಿರಲು ಸಾಧ್ಯವಿರಲಿಲ್ಲ. ಮೇಲುದುರ್ಗದ ತಳಪಾಯಗಳಲ್ಲಿ ಕೋಣೆಗಳು ಇಷ್ಟು ಇಕ್ಕಟ್ಟೇ ಎಂದು ಅಚ್ಚರಿಪಡುವವರು ಈ ಮಾತನ್ನು ನೆನಪಿಡಬೇಕು.

ಮಾಳಿಗೆಯ ವಿಷಯಕ್ಕೆ ಬರುತ್ತೇನೆ. ಮನೆಯ ಆಯುಸ್ಸು ಇರುವುದು ಅದರಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜಂತೆಗಳ ಮೇಲೆ ಮರದ ಚಕ್ಕೆಯನ್ನೋ ಬಿದಿರು ದಬ್ಬೆಯನ್ನೋ ಒತ್ತೊತ್ತಾಗಿ ಹಾಸುತ್ತಿದ್ದರು. ಅದರ ಮೇಲೆ ತಂಗಡಿ, ಬೇವು ಮೊದಲಾದ ಸೊಪ್ಪು. ಸೊಪ್ಪಿನ ಮೇಲೆ ಕಲಸಿದ ಮಣ್ಣನ್ನು ಒಂದು ಗೇಣಿಗೂ ಮಿಕ್ಕಿ ತುಂಬಿ ತುಳಿಯುತ್ತಿದ್ದರು. ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಚಳ್ಳಕೆರೆ, ಹಿರಿಯೂರು ಕಡೆಯವರಿಗೆ ಕರಲು ಭೂಮಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಪ್ಪಿನ ಅಂಶ ಸೇರಿಕೊಂಡು ಬೆಳೆಗೆ ಬಾರದ ನೆಲ ಅದು. ಹೊಲದಲ್ಲಿ ಶಾಪವಾದದ್ದು ಮಾಳಿಗೆಯ ಮೇಲೆ ವರವಾಗುವುದನ್ನು ಯಾವ ಪುಣ್ಯಾತ್ಮ ಮೊದಲು ಕಂಡುಕೊಂಡನೋ. ಅದರ ಕೆಲಸ ಹೀಗೆ: ಮೊದಲ ಹನಿ ಬಿದ್ದೊಡನೆ ಕರಲಿನ ಸಣ್ಣ ಕಣಗಳು ಉಬ್ಬಿ, ಚದುರಿ, ಮಣ್ಣಿನ ಸಂದುಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ಬೀಳುವ ನೀರು ಕೆಳಗಿಳಿಯದೆ ಮೇಲೆಯೇ ಹರಿದು ದೋಣಿಯ ಮೂಲಕ ಬೀದಿಗೆ ಬೀಳುತ್ತದೆ. ಉಪ್ಪಿನ ನೆಲವಾದ್ದರಿಂದ ಹುಲ್ಲು ಬೇರು ಬಿಡುವುದಿಲ್ಲ, ಬೇರಿಲ್ಲದಿದ್ದರೆ ಬಿರುಕಿಲ್ಲ. ಆದರೆ ಪ್ರತಿ ಮಳೆಯಲ್ಲೂ ಈ ಪದರ ಒಂದಿಷ್ಟು ಕೊಚ್ಚಿಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಹೊಸ ಕರಲು ಹಾಕಲೇಬೇಕು. ನಮ್ಮ ಮನೆಯಲ್ಲಿ ರೋಹಿಣಿ ಮಳೆ ಹುಟ್ಟುವುದರೊಳಗೆ ಆ ಕೆಲಸ ಮುಗಿಯದಿದ್ದರೆ ಅಜ್ಜಿ ಯಾರೊಂದಿಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಪುಟ್ಟಿಗಳಲ್ಲಿ ಮಣ್ಣು ಹೊತ್ತು ಏಣಿ ಏರುವ ಸಾಲಿನಲ್ಲಿ ಮಕ್ಕಳಿಗೂ ಪಾಲಿತ್ತು. ನನ್ನ ಪಾಲಿಗೆ ಬಂದದ್ದು ಬೆಳಕಿಂಡಿಯೊಳಗೆ ಮಣ್ಣು ಬೀಳದಂತೆ ಕಾಯುವ ಕೆಲಸ.

ಬೆಳಕಿಂಡಿ ಎಂದೆ. ಈ ಮನೆಗಳಿಗೆ ಹೊರಗೋಡೆಯಲ್ಲಿ ಕಿಟಕಿ ಕಡಿಮೆ, ಇದ್ದರೂ ಅಂಗೈ ಅಗಲ. ಬೆಳಕು ಮಾಳಿಗೆಯ ಮೇಲಿನ ಕಿಂಡಿಯಿಂದ ಕೋಲಿನಂತೆ ನೇರ ಇಳಿಯುತ್ತದೆ. ಅಡುಗೆಮನೆಯ ಹೊಗೆ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಹೋಗುವಾಗ ಜಂತೆಗಳಿಗೆಲ್ಲ ಮಸಿ ಮೆತ್ತಿ, ಮರಕ್ಕೆ ಹುಳು ಹಿಡಿಯದಂತೆ ಕಾಪಾಡುತ್ತದೆ. ಕಣ್ಣುರಿಸಿಕೊಂಡ ಹೆಂಗಸರ ಲೆಕ್ಕದಲ್ಲಿ ಮನೆ ಬಾಳಿತು ಎನ್ನುವುದನ್ನೂ ಜೊತೆಗೇ ಹೇಳಬೇಕು. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ, ಒಳಗೆ ಬರುವವರು ದೊಡ್ಡವರಾದರೂ ತಲೆ ಬಗ್ಗಿಸಬೇಕು. ಒಳಗೆ ಕಾಲಿಟ್ಟೊಡನೆ ತಗ್ಗಿನ ಅಂಕಣದಲ್ಲಿ ದನ ಕರು, ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಪಡಸಾಲೆ, ಅದರಾಚೆ ನಡುಮನೆ, ದೇವರಗೂಡು, ಅಡುಗೆಮನೆ, ಹಂಡೆ ಹೂತ ಬಚ್ಚಲು, ಹಿತ್ತಲು. ನೆಲದಡಿಯಲ್ಲಿ ಹಗೇವು. ಹಗೇವಿನ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ; ಮೊದಲು ಹಗ್ಗಕ್ಕೆ ಕಟ್ಟಿದ ದೀಪ ಇಳಿಯುತ್ತಿತ್ತು, ಅದು ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಕೋಟೆಯ ಕಣಜಗಳನ್ನೂ ಎಣ್ಣೆ, ತುಪ್ಪದ ಕೊಳಗಳನ್ನೂ ನೋಡುವಾಗ ನನಗೆ ನಮ್ಮ ಹಗೇವಿನೊಳಗೆ ತೂಗಾಡುತ್ತಿದ್ದ ಆ ದೀಪ ನೆನಪಾಗುತ್ತದೆ. ಮುತ್ತಿಗೆ ಹಾಕಿದ ಸೈನ್ಯ ತಿಂಗಳುಗಟ್ಟಲೆ ಕೆಳಗೆ ಕಾದು ಕೂತಿದ್ದರೂ ಮೇಲಿನವರು ಉಣ್ಣುತ್ತಿದ್ದುದು ಇಂಥ ಸಂಗ್ರಹದಿಂದಲೇ.

ಇನ್ನು ಆ ಮೇಲಿನ ಮನೆಯಲ್ಲಿ ಬಾಳಿದವರು. 1568ರ ಸುಮಾರಿಗೆ ಕಾಮಗೇತಿ ವಂಶದ ತಿಮ್ಮಣ್ಣ ನಾಯಕ ವಿಜಯನಗರದ ಅರಸರಿಂದ ಈ ದುರ್ಗದ ನಾಯಕತನ ಪಡೆದಾಗಿನಿಂದ 1779ರವರೆಗೆ, ಎರಡು ಶತಮಾನಗಳ ಮೇಲೆ, ನಾಯಕರ ಮನೆತನ ಇಲ್ಲಿತ್ತು. ಪಟ್ಟಿ ಉದ್ದವಾಗಿದೆ, ನಾನು ಓದುವುದಿಲ್ಲ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ದಳವಾಯಿಗಳು ಯಾರನ್ನು ಕೂರಿಸಬೇಕು, ಯಾರನ್ನು ಇಳಿಸಬೇಕು ಎಂದು ತೀರ್ಮಾನಿಸುವಷ್ಟು ಬಲಿತಿದ್ದ ಕಾಲದಲ್ಲಿ ಆ ಪಡಸಾಲೆ ಒಡೆಯನಿಗಿಂತ ಆಳಿಗೇ ಹೆಚ್ಚು ಹೆದರುತ್ತಿದ್ದಿರಬೇಕು. 1689ರಲ್ಲಿ ಬಿಚ್ಚುಗತ್ತಿ ಭರಮಣ್ಣ ನಾಯಕ ಪಟ್ಟಕ್ಕೆ ಬಂದಮೇಲೆ ಮನೆ ಸುಧಾರಿಸಿತು. ಕಟ್ಟಿಸುವುದರಲ್ಲಿ ಅವನಷ್ಟು ಉತ್ಸಾಹ ಇನ್ನಾವ ನಾಯಕನಿಗೂ ಇರಲಿಲ್ಲ. ಭೀಮಸಮುದ್ರದ ಕೆರೆ ಅವನದು, ಗುಡಿಗಳು ಹಲವು. ಗುರುವಿಗಾಗಿ ಮೇಲುದುರ್ಗದಲ್ಲಿ ಎದ್ದ ಮುರುಘಾಮಠ ಕಲ್ಲಿನದು, ಈಗಲೂ ನಿಂತಿದೆ. ಅಲ್ಲಿಂದ ಕಣ್ಣಳತೆಯಲ್ಲಿ ಇದ್ದ ಶಿಷ್ಯನ ಮನೆ ಮಣ್ಣಾಗಿದೆ.

ಭರಮಣ್ಣನ ಮಗ ಹಿರಿಯ ಮದಕರಿ ನಾಯಕ 1748ರಲ್ಲಿ ಮಾಯಕೊಂಡದ ಕಾಳಗಕ್ಕೆ ಹೊರಟವನು ಮನೆಗೆ ಮರಳಲಿಲ್ಲ. ಮಾಯಕೊಂಡ ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ. 1997ರವರೆಗೆ ಅದೂ ನಮ್ಮ ಜಿಲ್ಲೆಯೇ. ಅವನ ಮಗ ಕಸ್ತೂರಿ ರಂಗಪ್ಪ ನಾಯಕನಿಗೆ ಮಕ್ಕಳಿರಲಿಲ್ಲವಾಗಿ, ಜಾನಕಲ್ಲಿನಲ್ಲಿದ್ದ ದಾಯಾದಿಗಳ ಮನೆಯಿಂದ ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ಕರೆತಂದು 1754ರಲ್ಲಿ ಪಟ್ಟ ಕಟ್ಟಿದರು. ಅವನೇ ಕೊನೆಯ ಮದಕರಿ ನಾಯಕ. ಅವನನ್ನು ಸಾಕಿ, ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಓಬವ್ವ ನಾಗತಿ. ನಾಟಕಗಳಲ್ಲಿ ನಾವು ಕಂಡ ಮದಕರಿಗೆ ಹುರಿಮೀಸೆ, ಎತ್ತಿದ ಕತ್ತಿ. ನನಗೆ ಮಾತ್ರ ಆ ತಳಪಾಯಗಳ ನಡುವೆ ನಿಂತಾಗ, ಹೊಸ ಮನೆಯ ಹೊಸ್ತಿಲ ಬಳಿ ಒಳಗೆ ಹೋಗಲು ಹಿಂಜರಿಯುತ್ತ ನಿಂತ ಆ ಹುಡುಗನೂ, ಒಳಗಿನಿಂದ 'ಬಾರಪ್ಪಾ' ಎಂದು ಕರೆದಿರಬಹುದಾದ ಆ ಹಿರಿಯ ಹೆಂಗಸೂ ಮೊದಲು ನೆನಪಿಗೆ ಬರುತ್ತಾರೆ. ಇದಕ್ಕೆ ದಾಖಲೆ ಕೇಳಬೇಡಿ.

ಅರಮನೆಯೊಂದೇ ಅಲ್ಲ, ಆಳುಗಳ ಮನೆಗಳೂ ಮೇಲೆ ಇದ್ದವು. ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ, ಕಾವಲುಗಾರ ಮುದ್ದ ಹನುಮನ ಮನೆ. ಗಂಡನಿಗೆ ಉಣ್ಣಲಿಕ್ಕಿ ನೀರಿಗೆ ಹೋದ ಅವನ ಹೆಂಡತಿ ಓಬವ್ವ, ಕೋಟೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಕಂಡು ಮನೆಗೆ ಓಡಿಬಂದು ಒನಕೆ ಹಿಡಿದಳು ಎಂಬ ಕಥೆಯನ್ನು ಮನೆಯ ದೃಷ್ಟಿಯಿಂದ ಒಮ್ಮೆ ಕೇಳಿನೋಡಿ. ಮನೆ ಕಿಂಡಿಗೆ ಹತ್ತಿರವಿತ್ತು, ನೀರಿನ ಜಾಗ ಮನೆಗೆ ಹತ್ತಿರವಿತ್ತು, ಒನಕೆ ಗೋಡೆಗೆ ಒರಗಿ ಕೈಗೆ ಸಿಗುವಂತಿತ್ತು. ಇಂದು ಕಿಂಡಿ ಇದೆ, ನೀರಿದೆ. ನಡುವೆ ಇದ್ದ ಮನೆಯ ಗುರುತಿಲ್ಲ. ಅದೂ ಮಣ್ಣಿನದೇ ಆಗಿದ್ದಿರಬೇಕು.

1779ರಲ್ಲಿ ಕೋಟೆ ಹೈದರಾಲಿಯ ಕೈ ಸೇರಿತು, ಮದಕರಿ ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಹಾಳಾದದ್ದೆಲ್ಲ ಆ ಒಂದು ದಿನದಲ್ಲಿ, ಆ ಒಬ್ಬನಿಂದ ಎಂದು ನಾವು ಹೇಳುತ್ತ ಬಂದಿದ್ದೇವೆ. ನನ್ನ ಅಭಿಪ್ರಾಯ ಬೇರೆ. ಹೈದರನೂ ಟಿಪ್ಪುವೂ ಈ ಕೋಟೆಯನ್ನು ಕೆಡವಲಿಲ್ಲ, ಬಲಪಡಿಸಿದರು. ಟಿಪ್ಪು ಇದಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂದು ಹೆಸರನ್ನೂ ಇಟ್ಟ. ಆದರೆ ಸುಮಾರು 20,000 ಬೇಡರನ್ನು ಇಲ್ಲಿಂದ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಲಾಯಿತೆಂದು ಬ್ರಿಟಿಷ್ ಕಾಲದ ಚರಿತ್ರೆಕಾರರು ಬರೆದಿದ್ದಾರೆ. ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಇರಬಹುದು. ಅದರ ಅರ್ಧದಷ್ಟು ಜನ ಹೋಗಿದ್ದರೂ, ಮುಂದಿನ ರೋಹಿಣಿ ಮಳೆಗೆ ಮುಂಚೆ ಎಷ್ಟು ಮಾಳಿಗೆಗಳಿಗೆ ಕರಲು ಬೀಳಲಿಲ್ಲ ಎಂದು ಯೋಚಿಸಿ. ಮೊದಲ ವರ್ಷ ಮಾಳಿಗೆ ಸೋರುತ್ತದೆ. ಮೂರನೆಯ ವರ್ಷ ಜಂತೆ ಕೊಳೆಯುತ್ತದೆ. ಐದಾರು ವರ್ಷದಲ್ಲಿ ಒಂದು ಅಂಕಣ ಕುಸಿದು, ಗೋಡೆಯ ತಲೆ ಬಯಲಾಗುತ್ತದೆ. ಮಣ್ಣಿನ ಗೋಡೆಗೆ ತಲೆಯ ಮೇಲೊಂದು ಮುಚ್ಚಿಗೆ, ಕಾಲ ಕೆಳಗೊಂದು ಕಲ್ಲು ಇದ್ದರೆ ನೂರಾರು ವರ್ಷ ನಿಲ್ಲುತ್ತದೆ. ತಲೆ ನೆನೆಯತೊಡಗಿದರೆ ಒಂದೊಂದು ವರಸೆಯೇ ಕರಗುತ್ತ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಉಳಿದ ತೊಲೆ, ಬಾಗಿಲುವಾಡಗಳನ್ನು ಬಳಸಬಲ್ಲವರು ಬಳಸಿಕೊಂಡಿರುತ್ತಾರೆ. ಒಳ್ಳೆಯ ಕಮರದ ತೊಲೆಯನ್ನು ಯಾರು ತಾನೇ ಮಳೆಗೆ ಬಿಟ್ಟಾರು? 1799ರ ನಂತರ ಇಲ್ಲಿದ್ದ ಇಂಗ್ಲಿಷರ ದಂಡೂ ಹವೆ ಒಗ್ಗದೆ ಹೊರಟುಹೋದ ಮೇಲೆ ಮೇಲುದುರ್ಗದಲ್ಲಿ ಪೂಜಾರಿಗಳನ್ನು ಬಿಟ್ಟರೆ ಮನೆ ನೋಡಿಕೊಳ್ಳುವವರು ಉಳಿಯಲಿಲ್ಲ. ಅರಮನೆಯನ್ನು ಫಿರಂಗಿ ಕೆಡವಿತು ಎನ್ನುವುದಕ್ಕಿಂತ, ಪುಟ್ಟಿ ಹೊರುವವರಿಲ್ಲದೆ ಬಿತ್ತು ಎನ್ನುವುದು ನನಗೆ ಹೆಚ್ಚು ಸರಿಯಾಗಿ ಕಾಣುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಏಳಂಕಣದ ಮನೆಯ ಬೀದಿಗೋಡೆಗೆ ಅಪ್ಪನ ಕೊನೆಗಾಲದಲ್ಲಿ, ಒಬ್ಬ ಮೇಸ್ತ್ರಿಯ ಮಾತು ಕೇಳಿ, ಸಿಮೆಂಟು ಗಿಲಾವು ಮಾಡಿಸಿದೆವು. ಎರಡು ವರ್ಷ ಮನೆ ಹೊಸದರಂತೆ ಹೊಳೆಯಿತು, ಬಂದವರೆಲ್ಲ ಮೆಚ್ಚಿದರು. ಮಣ್ಣಿನ ಗೋಡೆ ನೆಲದಿಂದ ತೇವ ಹೀರುತ್ತದೆ, ಮೈಯೆಲ್ಲದರಿಂದ ಅದನ್ನು ಗಾಳಿಗೆ ಬಿಡುತ್ತದೆ. ಕೆಮ್ಮಣ್ಣು, ಸುಣ್ಣ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಸಿಮೆಂಟು ಮಾಡುತ್ತದೆ. ಒಳಗೇ ಉಳಿದ ತೇವ ಗೋಡೆಯ ಬುಡವನ್ನು ಮೆತ್ತಗೆ ಮಾಡುತ್ತಿದ್ದುದು ಹೊರಗಿನ ಹೊಳಪಿನಲ್ಲಿ ಯಾರಿಗೂ ಕಾಣಲಿಲ್ಲ. ಅದೇ ಹೊತ್ತಿಗೆ ಕರಲು ಹಾಕುವುದನ್ನು ನಿಲ್ಲಿಸಿ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ತಾಡಪಾಲು ಹೊದಿಸಿದ್ದೆವು. ಮೂರನೆಯ ವರ್ಷದ ಚಿತ್ತೆ ಮಳೆಯ ಒಂದು ರಾತ್ರಿ, ದೊಡ್ಡ ಸದ್ದೇನೂ ಇಲ್ಲದೆ, ಸುಸ್ತಾದವರು ಕುಕ್ಕರಿಸಿದಂತೆ ಬೀದಿಗೋಡೆ ಕೂತುಬಿಟ್ಟಿತು. ಯಾರಿಗೂ ಪೆಟ್ಟಾಗಲಿಲ್ಲ. ಬೆಳಿಗ್ಗೆ ನೋಡಿದರೆ ಸಿಮೆಂಟಿನ ಹಾಳೆ ಹಾಗೆಯೇ ಇಡಿಯಾಗಿ ರಸ್ತೆಯ ಮೇಲೆ ಮಲಗಿತ್ತು, ಅದರ ಹಿಂದೆ ಮಣ್ಣು ಮಣ್ಣಾಗಿತ್ತು.

ಆ ಮಣ್ಣನ್ನು ಎತ್ತಿ ಹಾಕುವಾಗ ಮುರಿದ ಗೋಡೆಯ ಅಡ್ಡಕೊಯ್ತದಲ್ಲಿ ಅದೇ ವರಸೆಗಳ ಗೆರೆಗಳನ್ನೂ, ಜಂತೆ ಕಳಚಿಕೊಂಡ ತೂತುಗಳ ಸಾಲನ್ನೂ ನಾನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಅಷ್ಟು ವರ್ಷ ಶಾಲೆಯ ಮಕ್ಕಳನ್ನು ಕೋಟೆಗೆ ಕರೆದೊಯ್ದು ಟಂಕಸಾಲೆಯ ಮುಂದೆ ನಿಲ್ಲಿಸಿ 'ಇದು ನಾಣ್ಯ ಅಚ್ಚು ಹಾಕುತ್ತಿದ್ದ ಜಾಗ, ಮುಂದೆ ನಡೆಯಿರಿ' ಎನ್ನುತ್ತಿದ್ದವನು ನಾನು. ಮುಂದಿನ ಭಾನುವಾರ ಒಬ್ಬನೇ ಮೇಲೆ ಹೋಗಿ, ಬಿಸಿಲೇರುವವರೆಗೆ ಆ ಗೋಡೆಯ ಎದುರು ಕೂತು ಬಂದೆ.

ನಮ್ಮ ಮನೆಯ ಜಾಗದಲ್ಲಿ ಈಗ ತಾರಸಿ ಮನೆ ಇದೆ. ಹಳೆಯ ಮನೆಯ ಕಂಬಗಳನ್ನು ಕೊಂಡುಹೋಗಲು ಬಹಳ ಜನ ಬಂದರು. ಕಂಬಗಳ ಕೆಳಗಿದ್ದ ಕಲ್ಲುಗಳು ಯಾರಿಗೂ ಬೇಕಾಗಲಿಲ್ಲ. ಮೇಲುದುರ್ಗದಲ್ಲಿ ಉಳಿದಿರುವಂಥವೇ ಆ ಆರು ಅಡಿಗಲ್ಲುಗಳು ಹಿತ್ತಲಿನಲ್ಲಿವೆ. ಒಂದರ ಮೇಲೆ ತುಳಸಿ ಕುಂಡ ಇಟ್ಟಿದ್ದೇವೆ, ಒಂದರ ಮೇಲೆ ನನ್ನ ಹೆಂಡತಿ ಬಟ್ಟೆ ಒಗೆಯುತ್ತಾಳೆ. ಉಳಿದ ನಾಲ್ಕನ್ನು ನೋಡಬೇಕೆನ್ನುವವರು, ಇಲ್ಲಿಂದ ಉಚ್ಚಂಗಿ ಯಲ್ಲಮ್ಮನ ಗುಡಿಯ ಕಡೆಗೆ ನಾಲ್ಕು ಹೆಜ್ಜೆ, ಕಾರ್ಯಕ್ರಮ ಮುಗಿದ ಮೇಲೆ ನನ್ನೊಂದಿಗೆ ಬರಬಹುದು.